ಸೂಪರ್‌ಮಾರ್ಕೆಟಿನ ಸ್ವಂತ ಬ್ರ್ಯಾಂಡು: ಒಳಗಿನ ಮಾಲು ಯಾರದ್ದು, ಪತ್ತೆ ಮಾಡುವುದು ಹೇಗೆ?

ಕಂಕನಾಡಿ_ಗಿರಾಕಿ:
ಮಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಈಗ ಬಿಸ್ಕೆಟ್, ಎಣ್ಣೆ, ಗೇರುಬೀಜ, ಕಾಫಿಪುಡಿಯಿಂದ ಹಿಡಿದು ಎಲ್‌ಇಡಿ ಬಲ್ಬಿನವರೆಗೆ ಮಳಿಗೆಯದ್ದೇ ಹೆಸರಿನ ಮಾಲು ಉಂಟು. ರಿಲಯನ್ಸಿನ ಗುಡ್ ಲೈಫ್, ಡಿಮಾರ್ಟ್ ಪ್ರೀಮಿಯಾ, ಬಿಗ್‌ಬಾಸ್ಕೆಟಿನ ಬಿಬಿ ರಾಯಲ್, ಹೀಗೆ. "ಎಲ್ಲ ದೊಡ್ಡ ಕಂಪೆನಿ ಫ್ಯಾಕ್ಟರಿಯಲ್ಲೇ ಆಗುವುದು, ಲೇಬಲ್ ಮಾತ್ರ ಬೇರೆ, ಸುಮ್ನೆ ಹೆಸರಿಗೆ ದುಡ್ಡು ಕೊಡ್ಬೇಡಿ" ಅಂತ ವಾಟ್ಸಾಪಿನಲ್ಲಿ ಒಂದು ಮೆಸೇಜು ತಿರುಗ್ತಾ ಉಂಟು. ಬಾರ್‌ಕೋಡಿನ ಮೊದಲ ಅಂಕೆಗಳು ಒಂದೇ ಆದ್ರೆ ಫ್ಯಾಕ್ಟರಿಯೂ ಒಂದೇ ಅಂತ ಅದರಲ್ಲಿ ಬರೆದಿದ್ದಾರೆ. ಇದರಲ್ಲಿ ನಿಜ ಎಷ್ಟು? ಪ್ಯಾಕೆಟ್ ಕೈಯಲ್ಲಿ ಹಿಡಿದು ಅಂಗಡಿಯಲ್ಲೇ ಪತ್ತೆ ಮಾಡ್ಲಿಕ್ಕೆ ದಾರಿ ಉಂಟಾ? ಗೊತ್ತಿದ್ದವರು ಹೇಳಿ.

ಲೇಬಲ್_ಓದುವವಳು:
ಬಾರ್‌ಕೋಡಿನ ಮಾತು ಪೂರ್ತಿ ಸುಳ್ಳು. 890 ಅಂತ ಶುರುವಾದ್ರೆ ಆ ನಂಬರು ಬಾರ್‌ಕೋಡ್ ಹಂಚುವ ಸಂಸ್ಥೆ ಜಿಎಸ್1 ಇಂಡಿಯಾ ಕೊಟ್ಟದ್ದು ಅಂತ ಮಾತ್ರ ಅರ್ಥ. ಮಾಲು ಭಾರತದಲ್ಲಿ ತಯಾರಾಯ್ತು ಅಂತಲೂ ಅಲ್ಲ. ಅದರ ಮುಂದಿನ ಅಂಕೆಗಳು ಬ್ರ್ಯಾಂಡಿನ ಮಾಲೀಕರಿಗೆ ಸೇರಿದ್ದು, ಫ್ಯಾಕ್ಟರಿಗೆ ಅಲ್ಲ. ಒಂದೇ ಫ್ಯಾಕ್ಟರಿಯಲ್ಲಿ ಐದು ಬ್ರ್ಯಾಂಡು ಆದ್ರೆ ಐದಕ್ಕೂ ಬೇರೆ ಬೇರೆ ಬಾರ್‌ಕೋಡ್.

ನೋಡ್ಬೇಕಾದ್ದು ಹಿಂಬದಿಯಲ್ಲಿರುವ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕೆಯ ಲೈಸೆನ್ಸ್ ನಂಬರು. ಮಳಿಗೆಯ ಸ್ವಂತ ಬ್ರ್ಯಾಂಡಿನಲ್ಲಿ ಇದು ಸಾಮಾನ್ಯವಾಗಿ ಎರಡು ಇರ್ತದೆ. ಲೋಗೋದ ಕೆಳಗೆ ಬ್ರ್ಯಾಂಡಿನ ಮಾಲೀಕರದ್ದು, ಅಂದ್ರೆ ಮಳಿಗೆಯದ್ದು. ಇನ್ನೊಂದು ಸಣ್ಣ ಅಕ್ಷರದಲ್ಲಿ, "ತಯಾರಕರು" ಅಥವಾ "ಪ್ಯಾಕ್ ಮಾಡಿದವರು" ಎಂಬುದರ ಹತ್ತಿರ. 2020ರ ಲೇಬಲಿಂಗ್ ನಿಯಮದ ಪ್ರಕಾರ ಮಾಲೀಕರೂ ತಯಾರಕರೂ ಬೇರೆಯಾದ್ರೆ ತಯಾರಕರ ಲೈಸೆನ್ಸ್ ನಂಬರೂ ಹಾಕಲೇಬೇಕು. ಹೆಸರು, ವಿಳಾಸ ಕೆಲವದ್ರಲ್ಲಿ ಪೂರ್ತಿ ಇರ್ತದೆ, ಕೆಲವದ್ರಲ್ಲಿ ನಂಬರು ಮಾತ್ರ.

ಆ ಎರಡನೇ ನಂಬರನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ "ಎಫ್‌ಬಿಒ ಸರ್ಚ್" (ಆಹಾರ ಉದ್ದಿಮೆ ಹುಡುಕುವ ಜಾಗ) ಅಂತ ಉಂಟಲ್ಲ, ಅಲ್ಲಿ ಹಾಕಿ. ಲಾಗಿನ್ ಬೇಡ. ಕಂಪೆನಿ ಹೆಸರು, ಘಟಕದ ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿ ಉಂಟಾ ಇಲ್ವಾ, ಯಾವ ಉತ್ಪನ್ನಕ್ಕೆ ಅನುಮತಿ ಅಂತ ಬರ್ತದೆ. ಆಮೇಲೆ ಪಕ್ಕದ ರ‍್ಯಾಕಿನ ದೊಡ್ಡ ಬ್ರ್ಯಾಂಡಿನ ಪ್ಯಾಕೆಟ್ ತೆಗೆದು ಅದರ ತಯಾರಕರ ನಂಬರನ್ನೂ ನೋಡಿ. ಎರಡೂ ಒಂದೇ ಆದ್ರೆ ಒಂದೇ ಕಟ್ಟಡ. ಲೈಸೆನ್ಸ್ ಕೊಡುವುದು ಪ್ರತಿ ಘಟಕಕ್ಕೆ ಬೇರೆ ಬೇರೆ, ಹಾಗಾಗಿ ಇದರಲ್ಲಿ ಎಡವಟ್ಟಾಗುವುದು ಕಡಿಮೆ.

ಕಂಕನಾಡಿ_ಗಿರಾಕಿ:
ಥ್ಯಾಂಕ್ಸ್ ಅಕ್ಕ. ಅಂಗಡಿಯಲ್ಲಿ ನೆಟ್ ಸಿಗದಿದ್ರೆ ನಂಬರು ನೋಡಿಯೇ ಏನಾದ್ರೂ ಗೊತ್ತಾಗ್ತದಾ?

ಲೇಬಲ್_ಓದುವವಳು:
ಅಂದಾಜು ಗೊತ್ತಾಗ್ತದೆ. ಮೊದಲ ಅಂಕೆ 1 ಆದ್ರೆ ಲೈಸೆನ್ಸು, 2 ಆದ್ರೆ ಸಣ್ಣವರ ರಿಜಿಸ್ಟ್ರೇಶನ್. ಮುಂದಿನ ಎರಡು ಅಂಕೆ ರಾಜ್ಯ: 12 ಕರ್ನಾಟಕ, 13 ಕೇರಳ, 15 ಮಹಾರಾಷ್ಟ್ರ, 24 ತಮಿಳುನಾಡು, 07 ಗುಜರಾತ್. 00 ಇದ್ರೆ ಕೇಂದ್ರ ಲೈಸೆನ್ಸು. ಅದರ ಮುಂದಿನ ಎರಡು ಅಂಕೆ ಲೈಸೆನ್ಸ್ ಕೊಟ್ಟ ವರ್ಷ. ಅಂದ್ರೆ 11219 ಅಂತ ಶುರುವಾದ್ರೆ ಕರ್ನಾಟಕದ ಲೈಸೆನ್ಸು, 2019ರಲ್ಲಿ ಕೊಟ್ಟದ್ದು. 100 ಅಂತ ಶುರುವಾದ್ರೆ ದೊಡ್ಡ ಘಟಕ ಇರ್ಬಹುದು, ಆದ್ರೆ ಯಾವ ರಾಜ್ಯ ಅಂತ ಆ ಅಂಕೆಗಳು ಹೇಳುವುದಿಲ್ಲ. ಎರಡು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯಾಪಾರ ಇರುವ ಮಳಿಗೆಯ ಹೆಡ್ ಆಫೀಸಿಗೂ ಕೇಂದ್ರ ಲೈಸೆನ್ಸೇ. ಹಾಗಾಗಿ ಲೋಗೋದ ಕೆಳಗಿನ ನಂಬರು 100 ಅಂತ ನೋಡಿ "ಓ ದೊಡ್ಡ ಫ್ಯಾಕ್ಟರಿ" ಅಂತ ತೀರ್ಮಾನ ಮಾಡ್ಬೇಡಿ.

ಬೈಕಂಪಾಡಿ_ಪ್ಯಾಕಿಂಗ್:
ಅಕ್ಕ ಹೇಳಿದ್ದು ಸರಿ. ಆದ್ರೆ ಪ್ರಶ್ನೆಯೇ ಸ್ವಲ್ಪ ತಲೆಕೆಳಗಾಗಿದೆ ಮಾರಾಯ್ರೆ. "ದೊಡ್ಡ ಕಂಪೆನಿಯ ಫ್ಯಾಕ್ಟರಿಯಲ್ಲಿ ಮಳಿಗೆಯ ಮಾಲು ಆಗ್ತದಾ" ಅಂತ ಕೇಳ್ತೀರಿ. ದೊಡ್ಡ ಕಂಪೆನಿಯ ಮಾಲು ಎಷ್ಟೋ ಸಲ ಅವರದ್ದೇ ಫ್ಯಾಕ್ಟರಿಯಲ್ಲಿ ಆಗುವುದಿಲ್ಲ. ಪಾರ್ಲೆ, ಬ್ರಿಟಾನಿಯಾದವರು ಸಹ ಸ್ವಂತ ಘಟಕಗಳ ಜೊತೆಗೆ ಕಾಂಟ್ರ್ಯಾಕ್ಟ್ ಘಟಕಗಳಲ್ಲಿ ಬಿಸ್ಕೆಟ್ ಮಾಡಿಸ್ತಾರೆ. ಓವನ್ ಮೂರನೆಯವನದ್ದು. ಅದರಲ್ಲಿ ಬಿಡುವು ಇದ್ದಾಗ ಮಳಿಗೆಯ ಆರ್ಡರ್ ಓಡ್ತದೆ, ಒಪ್ಪಂದದಲ್ಲಿ ಅವಕಾಶ ಇದ್ರೆ.

ಕೆಲಸ ಎರಡು ಬಗೆ. ಒಂದು ಜಾಬ್ ವರ್ಕ್: ಮೈದಾ, ಸಕ್ಕರೆ, ಎಣ್ಣೆ, ಪ್ಯಾಕಿಂಗ್ ಫಿಲ್ಮ್ ಎಲ್ಲ ಬ್ರ್ಯಾಂಡಿನವರೇ ಕಳಿಸ್ತಾರೆ, ಘಟಕಕ್ಕೆ ಕೆ.ಜಿ. ಲೆಕ್ಕದಲ್ಲಿ ಮಾಡಿಕೊಟ್ಟ ಕೂಲಿ. ಇನ್ನೊಂದರಲ್ಲಿ ಘಟಕದವರೇ ಸಾಮಾನು ತಂದು ಮಾಡಿ ಕೊಡುವುದು. ದೊಡ್ಡ ಬ್ರ್ಯಾಂಡಿನದ್ದು ಮೊದಲನೆ ಬಗೆ, ಮಳಿಗೆಯದ್ದು ಎರಡನೆ ಬಗೆ ಆದ್ರೆ ಒಂದೇ ಗೋಡೌನಿನಲ್ಲಿ ಎರಡು ಕಡೆ ಮೈದಾ ಮೂಟೆ ಇರ್ತದೆ, ಎರಡಕ್ಕೂ ಬೇರೆ ಸ್ಪೆಕ್ (ಗುಣಮಟ್ಟದ ಷರತ್ತು). ಓವನ್ ಒಂದೇ, ಹಿಟ್ಟು ಬೇರೆ.

ಮತ್ತೆ ಬಿಸ್ಕೆಟಿನ ಮೇಲೆ ಹೆಸರು, ಚಿತ್ರ ಒತ್ತುವ ಅಚ್ಚಿನ ರೋಲರ್ ಬ್ರ್ಯಾಂಡಿನವರ ಸ್ವತ್ತು. ಅದನ್ನು ಬೇರೆಯವರ ಮಾಲಿಗೆ ಹಾಕ್ಲಿಕ್ಕೆ ಆಗುವುದಿಲ್ಲ. ಮಳಿಗೆಯ ಬಿಸ್ಕೆಟಿನಲ್ಲಿ ಬರೀ ಗೀಟು, ತೂತು ಕಾಣುವುದಕ್ಕೆ ಅದೇ ಕಾರಣ: ಯಾರಿಗೂ ಸೇರದ ಸಾದಾ ರೋಲರ್ ಅದು.

ರಥಬೀದಿ_ಅಂಗಡಿ:
ಎಂತ ಹೇಳಿದ್ರೂ ಅದೇ ಓವನ್, ಅದೇ ಕೆಲಸದವರು, ಅದೇ ಸೂಪರ್‌ವೈಸರ್. ಜಾಹೀರಾತಿನ ಖರ್ಚು ಇಲ್ಲ, ಡಿಸ್ಟ್ರಿಬ್ಯೂಟರ್ ಕಮಿಷನ್ ಇಲ್ಲ, ಅದಕ್ಕೆ ಕಡಿಮೆಗೆ ಕೊಡ್ತಾರೆ. ನಮ್ಮಂಥ ಕಿರಾಣಿಯವರಿಗೆ ಆ ದಾರಿ ಇಲ್ಲ ಅಷ್ಟೆ. ಗಿರಾಕಿಗೆ ಮೋಸ ಎಂತ ಉಂಟು ಇದರಲ್ಲಿ?

ಬೈಕಂಪಾಡಿ_ಪ್ಯಾಕಿಂಗ್:
ಮೋಸ ಅಂತ ನಾನು ಹೇಳ್ಲಿಲ್ಲ ಅಣ್ಣ. ಜಾಹೀರಾತು, ಕಮಿಷನ್ ಉಳಿತಾಯ ನಿಜವೇ. ಆದ್ರೆ ಬೆಲೆ ಇಳಿಸ್ಲಿಕ್ಕೆ ಮಳಿಗೆಯ ಖರೀದಿಯವರು ಕೂತು ಮಾತಾಡುವುದು ಅಷ್ಟರಲ್ಲೇ ಅಲ್ಲ. ಹಾಲಿನ ಪುಡಿ ಸ್ವಲ್ಪ ಇಳಿಸಿ, ಗೋಡಂಬಿ ಚೂರು ಇಳಿಸಿ, ಪ್ಯಾಕೆಟಿನ ಲ್ಯಾಮಿನೇಟ್ ಫಿಲ್ಮ್ ಒಂದು ಪದರ ತೆಳು ಮಾಡಿ, ಹೀಗೆ. ಪದರ ತೆಳು ಮಾಡಿದ್ದು ನಮ್ಮ ಊರಲ್ಲಿ ಜೂನ್ ತಿಂಗಳಲ್ಲಿ ಗೊತ್ತಾಗ್ತದೆ. ಬೆಂಗಳೂರಲ್ಲಿ ಗರಿಗರಿ ಇರುವ ಬಿಸ್ಕೆಟು ಇಲ್ಲಿ ಮಳೆಗಾಲದಲ್ಲಿ ಮೆತ್ತಗೆ. ಪ್ಯಾಕೆಟಿನ ಎರಡು ತುದಿಯ ಸೀಲಿನಲ್ಲಿ ಸುಕ್ಕು ಇದ್ರೂ ಇದೇ ಗತಿ. ಸುಕ್ಕಿನ ಕೊಳವೆಯಲ್ಲಿ ತೇವ ನುಗ್ತದೆ. ಖರೀದಿ ಮಾಡುವಾಗ ಸೀಲಿನ ಮೇಲೆ ಬೆರಳಾಡಿಸಿ ನೋಡಿ, ಸಾಕು.

ಲೇಬಲ್_ಓದುವವಳು:
ಒಂದೇ ಫ್ಯಾಕ್ಟರಿ ಅಂತ ಖಾತ್ರಿ ಆದ ಮೇಲೆ "ಒಂದೇ ಮಾಲಾ" ಅಂತ ನೋಡ್ಲಿಕ್ಕೆ ಎರಡೂ ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿನದ್ದು ಮೊದಲು, ಕಡಿಮೆಯದ್ದು ಆಮೇಲೆ, ಇದು ನಿಯಮ. ಕ್ರಮ ಒಂದೇ ಉಂಟಾ? ಐಎನ್‌ಎಸ್ ನಂಬರುಗಳು, ಅಂದ್ರೆ ಸೇರ್ಪಡೆ ಪದಾರ್ಥಗಳ ಸಂಕೇತ ಸಂಖ್ಯೆ, ಒಂದೇ ಉಂಟಾ? 503(ii), 500(ii) ಉಬ್ಬಿಸುವ ಪುಡಿಗಳು, 322 ಲೆಸಿಥಿನ್, 319 ಎಣ್ಣೆ ಕಮಟು ಆಗದ ಹಾಗೆ ಹಾಕುವ ಟಿಬಿಎಚ್‌ಕ್ಯೂ. ಹೆಸರಲ್ಲೇ ಬಾದಾಮಿ, ಗೋಡಂಬಿ ಇದ್ರೆ ಅದು ಶೇಕಡಾ ಎಷ್ಟು ಅಂತ ಬರೆಯಲೇಬೇಕು, ಆ ಒಂದು ಅಂಕೆಯೇ ಹೆಚ್ಚಿನ ಕಥೆ ಹೇಳ್ತದೆ.

ಆಮೇಲೆ 100 ಗ್ರಾಂ ಲೆಕ್ಕದ ಪೋಷಕಾಂಶದ ಪಟ್ಟಿ. ಪ್ರೋಟೀನ್, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಸೋಡಿಯಂ. ದಶಾಂಶದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾಚುರೇಟೆಡ್ ಕೊಬ್ಬು ಎದ್ದು ಕಾಣುವಷ್ಟು ಹೆಚ್ಚಿದ್ರೆ ಬೇರೆ ಎಣ್ಣೆ ಇದ್ದ ಕಡೆ ಪಾಮ್ ಬಂದಿರ್ಬಹುದು. ಪಟ್ಟಿಯಲ್ಲಿ ಯಾವ ಎಣ್ಣೆ ಅಂತ ಹೆಸರು ಹಾಕಿರ್ತಾರೆ, ಹೋಲಿಸಿ ನೋಡಿ.

ಎರಡೂ ಸರಿಸಮ ಬಂದ್ರೆ ಕಡಿಮೆ ಬೆಲೆಯದ್ದನ್ನು ತೆಗೊಳ್ಳಿ. ಒಂದು ಮಾತು ನೆನಪಿಡಿ: ಸಣ್ಣ ಪ್ಯಾಕೆಟಿನಲ್ಲಿ, ಅಂದ್ರೆ 100 ಚದರ ಸೆಂ.ಮೀ. ಒಳಗಿನದ್ರಲ್ಲಿ, ಪದಾರ್ಥ ಪಟ್ಟಿ ಇರ್ಲೇಬೇಕು ಅಂತ ಇಲ್ಲ. ಹೋಲಿಸ್ಲಿಕ್ಕೆ ದೊಡ್ಡ ಪ್ಯಾಕೆಟೇ ಹಿಡೀರಿ.

ಗಡ್‌ಬಡ್_ಪ್ರಿಯ:
ಐಸ್‌ಕ್ರೀಮ್ ಊರಲ್ಲಿ ಕೂತು ಐಸ್‌ಕ್ರೀಮಿನ ಮಾತು ಬರ್ಲಿಲ್ಲ ಅಂದ್ರೆ ಹೇಗೆ! ಫ್ಯಾಕ್ಟರಿ ಒಂದೇ, ಪದಾರ್ಥ ಪಟ್ಟಿಯೂ ಒಂದೇ, ಆದ್ರೂ ಮಾಲು ಬೇರೆ ಆಗುವುದು ಐಸ್‌ಕ್ರೀಮಿನಲ್ಲಿ. ಕಾರಣ ಗಾಳಿ. ಹಾಲಿನ ಮಿಕ್ಸನ್ನು ಫ್ರೀಜರಿನಲ್ಲಿ ಕಡೆಯುವಾಗ ಗಾಳಿ ಸೇರಿಸ್ತಾರೆ, ಅದಕ್ಕೆ ಓವರ್‌ರನ್ ಅಂತಾರೆ. ಒಂದು ಲೀಟರ್ ಮಿಕ್ಸು ಎರಡು ಲೀಟರ್ ಐಸ್‌ಕ್ರೀಮ್ ಆದ್ರೆ ಶೇ 100 ಓವರ್‌ರನ್. ಮಿಕ್ಸಿನ ತೂಕ ಲೀಟರಿಗೆ ಹೆಚ್ಚುಕಮ್ಮಿ 1,100 ಗ್ರಾಂ, ಹಾಗಾಗಿ ಶೇ 100ರಲ್ಲಿ ಒಂದು ಲೀಟರ್ ಐಸ್‌ಕ್ರೀಮ್ ತೂಗುವುದು 550 ಗ್ರಾಂ. ಶೇ 50ರಲ್ಲಿ ನಿಲ್ಲಿಸಿದ್ರೆ 730 ಗ್ರಾಂ ಹತ್ತಿರ. ಮಷಿನಿನಲ್ಲಿ ಗಾಳಿಯ ವಾಲ್ವು ಒಂದು ತಿರುಗಿಸಿದ್ರೆ ಆಯ್ತು, ಪಟ್ಟಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ.

ಪತ್ತೆಗೆ ಡಬ್ಬಿಯ ಮೇಲೆ ಮಿ.ಲೀ. ಜೊತೆಗೆ ಗ್ರಾಂ ಉಂಟಾ ನೋಡಿ, ಭಾಗಿಸಿ. 700 ಮಿ.ಲೀ. ಡಬ್ಬಿ 380 ಗ್ರಾಂ ಆದ್ರೆ ಅರ್ಧ ಗಾಳಿ. 500 ಗ್ರಾಂ ಆದ್ರೆ ಗಟ್ಟಿ ಮಾಲು. ಗ್ರಾಂ ಹಾಕದಿದ್ರೆ ಎರಡು ಕೈಯಲ್ಲಿ ಎರಡು ಡಬ್ಬಿ ಹಿಡಿದು ನೋಡಿ, ವ್ಯತ್ಯಾಸ ಕೈಗೇ ತಿಳೀತದೆ.

ಇನ್ನೊಂದು, ಅದೇ ಫ್ಯಾಕ್ಟರಿ ಐಸ್‌ಕ್ರೀಮೂ ಮಾಡ್ತದೆ, ಫ್ರೋಜನ್ ಡೆಸರ್ಟೂ ಮಾಡ್ತದೆ. ಮೊದಲನೆಯದ್ರಲ್ಲಿ ಹಾಲಿನ ಕೊಬ್ಬು, ಸಾಮಾನ್ಯ ಐಸ್‌ಕ್ರೀಮಿಗೆ ಕನಿಷ್ಠ ಶೇ 10. ಎರಡನೆಯದ್ರಲ್ಲಿ ಸಸ್ಯಜನ್ಯ ಎಣ್ಣೆ. ಮಳಿಗೆಯ ಬ್ರ್ಯಾಂಡಿನ ಡಬ್ಬಿಯಲ್ಲಿ ಸ್ಟ್ರಾಬೆರಿ ಚಿತ್ರ ದೊಡ್ಡದು, "ಫ್ರೋಜನ್ ಡೆಸರ್ಟ್" ಅಕ್ಷರ ಸಣ್ಣದು.

ಗೇರು_ಗ್ರೇಡಿಂಗ್:
ಗೇರುಬೀಜದ ಬಗ್ಗೆ ನಾನು ಹೇಳ್ತೇನೆ, ಇದು ನಮ್ಮ ಜಿಲ್ಲೆಗಳದ್ದೇ ಕಸುಬು. ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಫ್ಯಾಕ್ಟರಿಗಳ ಮಾಲು ದೊಡ್ಡ ಬ್ರ್ಯಾಂಡಿಗೂ ಹೋಗ್ತದೆ, ಮಳಿಗೆಯ ಬ್ರ್ಯಾಂಡಿಗೂ ಹೋಗ್ತದೆ, ಇಲ್ಲಿಯ ಅಂಗಡಿಯ ಬಿಡಿ ಡಬ್ಬಕ್ಕೂ ಬರ್ತದೆ. ಇದರಲ್ಲಿ ಫ್ಯಾಕ್ಟರಿ ಯಾವುದು ಅಂತ ಕೇಳಿ ಪ್ರಯೋಜನ ಇಲ್ಲ, ಗ್ರೇಡ್ ಯಾವುದು ಅಂತ ಕೇಳ್ಬೇಕು. ಒಂದೇ ಮೇಜಿನ ಮೇಲೆ ಒಂದೇ ದಿನ ಹತ್ತಾರು ಗ್ರೇಡ್ ಬೇರೆಯಾಗ್ತದೆ.

ಡಬ್ಲ್ಯೂ ಅಂದ್ರೆ ಬಿಳಿ ಇಡಿ ಬೀಜ. ಪಕ್ಕದ ಸಂಖ್ಯೆ ಒಂದು ಪೌಂಡಿಗೆ, ಅಂದ್ರೆ 454 ಗ್ರಾಮಿಗೆ, ಎಷ್ಟು ಬೀಜ ಅಂತ. ಡಬ್ಲ್ಯೂ 320ರಲ್ಲಿ 300ರಿಂದ 320, ಡಬ್ಲ್ಯೂ 240ರಲ್ಲಿ 220ರಿಂದ 240. ಸಂಖ್ಯೆ ಸಣ್ಣದಾದಷ್ಟು ಬೀಜ ದಪ್ಪ, ಬೆಲೆ ಹೆಚ್ಚು. ಮನೆಯಲ್ಲಿ 200 ಗ್ರಾಂ ಪ್ಯಾಕೆಟ್ ಒಡೆದು ಎಣಿಸಿದ್ರೆ 240ರ ಗ್ರೇಡಿನಲ್ಲಿ 97ರಿಂದ 106 ಬೀಜ ಬರ್ಬೇಕು. 320ರದ್ದಾದ್ರೆ 132ರಿಂದ 141. 176ರ ಮೇಲೆ ಬಂದ್ರೆ ಅದು 450. ಮುಂದಿನ ಬದಿಯಲ್ಲಿ "ಪ್ರೀಮಿಯಂ ಜಂಬೋ" ಅಂತ ಬರೆದು ಒಳಗೆ 135 ಬೀಜ ಇದ್ರೆ ಅದು ಸಾದಾ 320, ಮತ್ತೆಂತದ್ದೂ ಅಲ್ಲ. ಜಂಬೋ, ರಾಯಲ್, ಸೆಲೆಕ್ಟ್ ಇವೆಲ್ಲ ಅಧಿಕೃತ ಗ್ರೇಡಿನ ಹೆಸರಲ್ಲ.

ಬಣ್ಣ ಸ್ವಲ್ಪ ಕೆಂಪು ಕಂದು ಇದ್ರೆ ಸ್ಕಾರ್ಚ್ಡ್, ಎಸ್‌ಡಬ್ಲ್ಯೂ ಅಂತಾರೆ. ಕಾವು ಹೆಚ್ಚಾದದ್ದು, ರುಚಿಗೆ ತೊಂದರೆ ಇಲ್ಲ, ಬೆಲೆ ಕಡಿಮೆ. ಪಾಯಸಕ್ಕೆ ತುಪ್ಪದಲ್ಲಿ ಹುರಿಯುವವರು ಇಡಿ ಬಿಳಿ ಬೀಜಕ್ಕೆ ದುಡ್ಡು ಹಾಕುವುದು ನನ್ನ ಪ್ರಕಾರ ದಂಡ. ಹೋಳು ಸಾಕು, ಅದಕ್ಕೆ ಗ್ರೇಡ್ ಎಸ್. ದೊಡ್ಡ ತುಂಡಿಗೆ ಎಲ್‌ಡಬ್ಲ್ಯೂಪಿ.

ಎಡವಟ್ಟು ಆಗುವುದು ಮರುಪ್ಯಾಕಿಂಗಿನಲ್ಲಿ. ಫ್ಯಾಕ್ಟರಿಯಿಂದ ಬೀಜ ಹೊರಡುವಾಗ ತೇವಾಂಶ ಶೇ 5ರ ಒಳಗೆ, ದೊಡ್ಡ ಟಿನ್ನು ಅಥವಾ ವ್ಯಾಕ್ಯೂಮ್ ಪೌಚು, ಒಳಗೆ ಕಾರ್ಬನ್ ಡೈಆಕ್ಸೈಡ್ ಅಥವಾ ನೈಟ್ರೋಜನ್. ಮಳಿಗೆಯ ಪ್ಯಾಕಿಂಗ್ ಸೆಂಟರಿನಲ್ಲಿ ಅದನ್ನು ಒಡೆದು 200 ಗ್ರಾಮಿನ ಪೌಚಿಗೆ ತುಂಬ್ತಾರೆ. ಅಲ್ಲಿ ಗಾಳಿ ತೆಗೆಯದೆ, ಗ್ಯಾಸೂ ಹಾಕದಿದ್ರೆ ಬೀಜ ಬೇಗ ಮೆತ್ತಗಾಗಿ ಹಲ್ಲಿಗೆ ಅಂಟ್ತದೆ, ಆಮೇಲೆ ಹುಳು. "ಪ್ಯಾಕ್ ಮಾಡಿದ ದಿನಾಂಕ" ಅಂತ ಅಚ್ಚಾದದ್ದು ಪೌಚು ತುಂಬಿದ ದಿನ, ಬೀಜ ಒಡೆದ ದಿನ ಅಲ್ಲ. ಲೇಬಲ್ ಅಕ್ಕ ಹೇಳಿದ ಫಾಸ್ಕಾಸಿನಲ್ಲಿ ಹುಡುಕಿದ್ರೂ ಇಲ್ಲಿ "ರೀಪ್ಯಾಕರ್" ಅಂತ ಬಂದು ದಾರಿ ಮುಗೀತದೆ, ಅವರು ಯಾರಿಂದ ತಂದ್ರು ಅಂತ ಬರುವುದಿಲ್ಲ. ಗಾಳಿ ತೆಗೆದು ಕಲ್ಲಿನ ಹಾಗೆ ಗಟ್ಟಿ ಇರುವ ಪೌಚು, ಇಲ್ಲದಿದ್ರೆ ಉಬ್ಬಿ ಬಿಗಿಯಾಗಿರುವುದು, ಎರಡರಲ್ಲಿ ಒಂದು ತೆಗೊಳ್ಳಿ. ಸಡಿಲ ಸಡಿಲ ಇರುವುದು ಬೇಡ.

ಕಂಕನಾಡಿ_ಗಿರಾಕಿ:
ಇದು ಬಹಳ ಉಪಕಾರ ಆಯ್ತು. ಅಕ್ಕಿಯೂ ಹೀಗೆಯಾ?

ಕಾರ್ಕಳ_ಮಿಲ್:
ಕುಚ್ಚಲಕ್ಕಿಯಲ್ಲಿ ಗುಟ್ಟು ಏನೂ ಇಲ್ಲ, ಮಿಲ್ಲಿನ ವಿಳಾಸ ಹೆಚ್ಚಾಗಿ ಚೀಲದ ಮೇಲೇ ಇರ್ತದೆ. ನೋಡ್ಬೇಕಾದ್ದು ತಳಿ. ಎಂಒ4, ಜ್ಯೋತಿ, ಜಯ ಬೆರೆಸಿದ್ರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆ ಆಗ್ತದೆ. ದೊಡ್ಡ ಚೀಲ ತರುವ ಮೊದಲು ಒಂದು ಕೆ.ಜಿ. ತಂದು ಒಂದು ಹಿಡಿ ಬೇಯಿಸಿ, ಎರಡು ಅಗುಳನ್ನು ಬೆರಳಲ್ಲಿ ಒತ್ತಿ. ಒಂದು ಚಪ್ಪಟೆ, ಇನ್ನೊಂದರ ನಡುವಲ್ಲಿ ಬಿಳಿ ಗಟ್ಟಿ ಚುಕ್ಕೆ ಆದ್ರೆ ಬೆರಕೆ.

ಬೆಲೆಯ ಒಂದು ವಿಷಯ. 2022ರ ಜುಲೈ 18ಕ್ಕೆ ಮೊದಲು ರಿಜಿಸ್ಟರ್ಡ್ ಬ್ರ್ಯಾಂಡ್ ಇದ್ದ ಅಕ್ಕಿಗೆ ಮಾತ್ರ ಶೇ 5 ಜಿಎಸ್‌ಟಿ ಇತ್ತು. ಆಮೇಲೆ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆ.ಜಿ. ವರೆಗಿನ ಎಲ್ಲದಕ್ಕೂ ಬಂತು. ಅದಕ್ಕೇ ಮಾರ್ಕೆಟಿಗೆ 26 ಕೆ.ಜಿ. ಮೂಟೆ ಬಂದದ್ದು. ಮನೆಯಲ್ಲಿ ಅಕ್ಕಿ ಖರ್ಚು ಜಾಸ್ತಿ ಇದ್ರೆ ಮಳಿಗೆಯ 5 ಕೆ.ಜಿ. ಚೀಲ ಐದು ತರುವುದಕ್ಕಿಂತ ಇದು ಲೆಕ್ಕಕ್ಕೆ ಬರ್ತದೆ.

ಉಡುಪಿ_ಡಿಕಾಕ್ಷನ್:
ಕಾಫಿಪುಡಿಗೆ ಒಂದೇ ಸಾಲು ಓದಿದ್ರೆ ಸಾಕು. ಚಿಕೋರಿ ಬೆರೆತದ್ದಾದ್ರೆ "ಕಾಫಿ ಇಷ್ಟು ಶೇಕಡಾ, ಚಿಕೋರಿ ಇಷ್ಟು ಶೇಕಡಾ" ಅಂತ ಬರೆಯಲೇಬೇಕು, ಕಾಫಿ ಶೇ 51ಕ್ಕಿಂತ ಕಡಿಮೆ ಇರ್ಬಾರದು. ಮಳಿಗೆಯ ಕಡಿಮೆ ಬೆಲೆಯ ಪುಡಿ ಹೆಚ್ಚಾಗಿ ಆ ಗಡಿಯ ಹತ್ತಿರವೇ ಇರ್ತದೆ. ಹುರಿದವನು ಚಿಕ್ಕಮಗಳೂರಿನ ಅದೇ ದೊಡ್ಡ ರೋಸ್ಟರ್ ಇರ್ಬಹುದು, ಆದ್ರೆ 80:20 ಪುಡಿಯನ್ನೂ 53:47 ಪುಡಿಯನ್ನೂ ಹೋಲಿಸಿ "ಅರ್ಧ ಬೆಲೆ" ಅನ್ನುವುದು ಲೆಕ್ಕ ಅಲ್ಲ. ಕಾಫಿಯ ಪಾಲಿಗೆ ಮಾತ್ರ ಬೆಲೆ ಹಾಕಿ ನೋಡಿ. ಚಿಕೋರಿ ಕಾಫಿಗಿಂತ ಬಹಳ ಅಗ್ಗ, ಆ ಲೆಕ್ಕದಲ್ಲಿ ಎಷ್ಟೋ ಸಲ ಬ್ರ್ಯಾಂಡಿನ ಪುಡಿಯೇ ಸೋವಿ ಬೀಳ್ತದೆ.

ಲೋಟದಲ್ಲಿ ತಣ್ಣೀರು ತೆಗೊಂಡು ಮೇಲಿಂದ ಅರ್ಧ ಚಮಚ ಪುಡಿ ಉದುರಿಸಿ. ಕಾಫಿ ತೇಲ್ತದೆ. ಚಿಕೋರಿ ಕೂಡಲೇ ಮುಳುಗಿ ಕಂದು ಗೆರೆ ಎಳೀತಾ ಕೆಳಗೆ ಹೋಗ್ತದೆ. ಶೇಕಡಾ ಗೊತ್ತಾಗುವುದಿಲ್ಲ, ಎರಡು ಪುಡಿಯ ತಾರತಮ್ಯ ಗೊತ್ತಾಗ್ತದೆ. ಮತ್ತೆ ಡಿಕಾಕ್ಷನ್ ದಪ್ಪ, ಕಪ್ಪು ಬಂತು ಅಂತ ಖುಷಿ ಪಡ್ಬೇಡಿ, ದಪ್ಪ ಕೊಡುವುದು ಚಿಕೋರಿ.

ರಥಬೀದಿ_ಅಂಗಡಿ:
ಎಣ್ಣೆಯಲ್ಲಾದ್ರೂ ಒಂದೇ ಅಂತ ಒಪ್ತೀರೋ ಇಲ್ವೋ? ಪಣಂಬೂರು ಬಂದರಿಗೆ ಹಡಗಲ್ಲಿ ಬರುವ ಪಾಮ್ ಎಣ್ಣೆ ಒಂದೇ, ಶುದ್ಧ ಮಾಡುವ ಘಟಕವೂ ಇಲ್ಲೇ ಬೈಕಂಪಾಡಿ ಕಡೆ.

ಮಣಿಪಾಲ_ಲ್ಯಾಬ್:
ರಿಫೈನ್ಡ್ ಪಾಮೋಲಿನ್ (ಪಾಮ್ ಎಣ್ಣೆಯ ದ್ರವ ಭಾಗ), ಸೂರ್ಯಕಾಂತಿ ಇವುಗಳಲ್ಲಿ ನಿಮ್ಮ ಮಾತು ಬಹುಪಾಲು ಸರಿ ಅಣ್ಣ. ಶುದ್ಧೀಕರಿಸಿ ವಾಸನೆ ತೆಗೆದ ಮೇಲೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ವ್ಯತ್ಯಾಸ ಸಣ್ಣದು. ಇಂಥ ಮಾಲಿನಲ್ಲಿ ಮಳಿಗೆಯ ಬ್ರ್ಯಾಂಡು ಕಣ್ಣು ಮುಚ್ಚಿ ತೆಗೊಳ್ಬಹುದು, ಆದ್ರೆ ತೂಕ ನೋಡಿ. ಒಂದು ಲೀಟರ್ ಎಣ್ಣೆ ಅಂದ್ರೆ 910 ಗ್ರಾಂ ಆಸುಪಾಸು. ಕಾಯಿಸಿದ್ರೆ ಎಣ್ಣೆ ಹಿಗ್ತದೆ: ಸೋಯಾ ಎಣ್ಣೆ ಲೀಟರಿಗೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. 60 ಡಿಗ್ರಿ ಅಂತ ಬರೆದು ಅಳತೆ ಹಾಕಿದ್ರೆ ಗಿರಾಕಿಗೆ ಆ ಗ್ರಾಂ ನಷ್ಟ. ಇದಕ್ಕೇ 2022ರಲ್ಲಿ ಉಷ್ಣತೆ ಬರೆಯದೆ ತೂಕವನ್ನೂ ಹಾಕಿ ಅಂತ ಕೇಂದ್ರದವರು ಹೇಳಿದ್ದು. ಅದೇ ಹೊತ್ತಿಗೆ ಎಣ್ಣೆ, ಬಿಸ್ಕೆಟ್ ಮುಂತಾದವು ಇಂತಿಷ್ಟೇ ಅಳತೆಯ ಪ್ಯಾಕಿನಲ್ಲಿ ಬರ್ಬೇಕು ಅಂತ ಇದ್ದ ಕಡ್ಡಾಯವೂ ಹೋಯ್ತು. ಈಗ ಲೀಟರಿನ ಪೌಚಿನಷ್ಟೇ ಕಾಣುವ 850 ಗ್ರಾಂ, 800 ಗ್ರಾಂ ಪೌಚುಗಳು ಉಂಟು.

ತೆಂಗಿನೆಣ್ಣೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅದು ಕೊಬ್ಬರಿಯ ಗುಣದ ಮೇಲೆ ಹೋಗ್ತದೆ, ಶುದ್ಧೀಕರಿಸದೆ ಬರುವುದು ಹೆಚ್ಚು. ಫ್ರಿಜ್ಜಿನಲ್ಲಿಟ್ಟು ನೋಡುವ ಪರೀಕ್ಷೆ ಎಲ್ಲರೂ ಹೇಳ್ತಾರೆ. ಪ್ಯಾರಾಫಿನ್ ಎಣ್ಣೆ ಧಾರಾಳ ಬೆರೆಸಿದ್ರೆ ಹೆಪ್ಪುಗಟ್ಟದ ಪದರ ಮೇಲೆ ನಿಲ್ತದೆ, ಆ ಮಟ್ಟಿಗೆ ಸರಿ. ಆದ್ರೆ ಪಾಮ್ ಕರ್ನೆಲ್ (ತಾಳೆ ಬೀಜದ ತಿರುಳಿನ) ಎಣ್ಣೆ ಬೆರೆಸಿದ್ರೆ ಅದೂ ತೆಂಗಿನೆಣ್ಣೆಯ ಹಾಗೇ ಹೆಪ್ಪಾಗ್ತದೆ, ಫ್ರಿಜ್ಜಿನಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಲ್ಯಾಬೇ ಬೇಕು.

ದುಬೈ_ಕುಡ್ಲ:
ಇಲ್ಲಿ ಗಲ್ಫಿನ ಹೈಪರ್‌ಮಾರ್ಕೆಟಿನಲ್ಲಿ ಯುರೋಪಿನ ಮಳಿಗೆಗಳ ಸ್ವಂತ ಬ್ರ್ಯಾಂಡು ಬೇಕಾದಷ್ಟು ಉಂಟು. ಯುರೋಪಿನ ನಿಯಮದಲ್ಲಿ ಯಾರ ಹೆಸರಲ್ಲಿ ಮಾರ್ತಾರೋ ಅವರ ವಿಳಾಸ ಹಾಕಿದ್ರೆ ಸಾಕು, ತಯಾರಕರ ಹೆಸರು ಬೇಡ. ನಿಜವಾದ ಗುಟ್ಟು ಅಲ್ಲಿ. ಹಾಲು, ಚೀಸು, ಮಾಂಸ, ಮೀನಿನ ಪ್ಯಾಕೆಟಿನಲ್ಲಿ ಮಾತ್ರ ಒಂದು ಮೊಟ್ಟೆಯಾಕಾರದ ಮುದ್ರೆ ಇರ್ತದೆ, ಒಳಗೆ ದೇಶದ ಸಂಕೇತ, ಘಟಕದ ನಂಬರು. ಆ ನಂಬರನ್ನು ಅಲ್ಲಿಯ ಸರ್ಕಾರಗಳು ಪ್ರಕಟಿಸುವ ಪಟ್ಟಿಯಲ್ಲಿ ಹುಡುಕಿದ್ರೆ ಚೀಸು ಯಾರ ಮನೆಯದ್ದು ಅಂತ ಸಿಗ್ತದೆ. ಬಿಸ್ಕೆಟು, ಜಾಮಿಗೆ ಅದೂ ಇಲ್ಲ. ಅಮೆರಿಕದ ಕಾಸ್ಟ್ಕೊ ಒಂದು ಸಲ ಉಲ್ಟಾ ಮಾಡಿತ್ತು: ತನ್ನ ಕಿರ್ಕ್‌ಲ್ಯಾಂಡ್ ಕಾಫಿಯ ಚೀಲದ ಮೇಲೆ ಸ್ಟಾರ್‌ಬಕ್ಸ್ ಹುರಿದದ್ದು ಅಂತ ತಾನೇ ಅಚ್ಚು ಹಾಕಿತ್ತು.

ಲೇಬಲ್_ಓದುವವಳು:
ನಮ್ಮಲ್ಲಿ ಗುಟ್ಟು ಕಡಿಮೆ, ಕನ್ನಡಕ ಬೇಕು ಅಷ್ಟೆ.

ಕಂಕನಾಡಿ_ಗಿರಾಕಿ:
ಚಾಕೊಲೇಟ್, ಜಾಮ್, ಕೆಚಪ್ ಬಗ್ಗೆ ಎರಡು ಮಾತು? ಮತ್ತೆ ಆ ಬಲ್ಬು?

ಮಣಿಪಾಲ_ಲ್ಯಾಬ್:
ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯಾ, ಬೇರೆ ಸಸ್ಯಜನ್ಯ ಕೊಬ್ಬಾ ನೋಡಿ. ಚಾಕೊಲೇಟ್ ಅಂತ ಕರೀಬೇಕಾದ್ರೆ ಬೇರೆ ಕೊಬ್ಬು ಶೇ 5 ದಾಟ್ಬಾರದು. ದಾಟಿದ್ದು ಕಾಂಪೌಂಡ್. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಇರುವ ಕ್ಯಾಂಪ್ಕೊ (ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ) ಕಾರ್ಖಾನೆ ತನ್ನ ಚಾಕೊಲೇಟಿನ ಜೊತೆಗೆ ಕೋಕೋ ಬೆಣ್ಣೆ, ಕೋಕೋ ಪುಡಿಯನ್ನು ಬೇರೆ ತಯಾರಕರಿಗೂ ಮಾರ್ತದೆ. ಹಾಗಾಗಿ ಯಾವ್ಯಾವುದೋ ಹೆಸರಿನ ಮಾಲಿನಲ್ಲಿ ನಮ್ಮ ತೋಟದ ಕೋಕೋ ಇರ್ಬಹುದು, ಪತ್ತೆ ಮಾಡ್ಲಿಕ್ಕೆ ದಾರಿ ಇಲ್ಲ. ಹೆಚ್ಚಿನ ಜಾಮಿಗೆ ಹಣ್ಣು ಕನಿಷ್ಠ ಶೇ 45. ಕೆಚಪ್ ಕೊಳ್ಳುವಾಗ ಟೊಮೆಟೊ ಪೇಸ್ಟಿನ ಶೇಕಡಾ ಹೋಲಿಸಿ, "ಸ್ನ್ಯಾಕ್ ಸಾಸ್" ಅಂತ ಇದ್ರೆ ಟೊಮೆಟೊ ಹೆಸರಿಗಷ್ಟೆ.

ಬೈಕಂಪಾಡಿ_ಪ್ಯಾಕಿಂಗ್:
ಬಲ್ಬಿಗೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್. ಬಲ್ಬಿನ ಬುಡದಲ್ಲಿ "ಆರ್-" ಅಂತ ಶುರುವಾಗುವ ನಂಬರು ಉಂಟು, ಅದನ್ನು ಹಾಕಿದ್ರೆ ಯಾವ ಫ್ಯಾಕ್ಟರಿ ಅಂತ ಬರ್ತದೆ. ಕುಕ್ಕರಿಗೆ ಐಎಸ್ಐ ಮುದ್ರೆಯ ಕೆಳಗಿನ "ಸಿಎಂ/ಎಲ್" ನಂಬರು. ಎರಡರಲ್ಲೂ ಗ್ಯಾರಂಟಿ ಕೊಡುವುದು ಮಳಿಗೆ, ತಯಾರಕ ಅಲ್ಲ. ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಹೊರಗೆ ಸಿಗ್ತದಾ ಅಂತ ಮೊದಲು ಕೇಳಿ. ಫ್ಯಾಕ್ಟರಿ ದೊಡ್ಡವರದ್ದೇ ಆದ್ರೂ ಮಳಿಗೆಗೆ ಮಾಡಿಕೊಟ್ಟ ಮಾಡೆಲಿನ ಅಳತೆ ಬೇರೆ ಇದ್ರೆ ಅವರ ಗ್ಯಾಸ್ಕೆಟ್ ಕೂರುವುದಿಲ್ಲ, ಆವಿ ಸೋರ್ತದೆ.

ಈ ಎಲ್ಲ ಪತ್ತೇದಾರಿಕೆಗೆ ಒಂದು ತೊಡಕು ಉಂಟು, ಯಾರೂ ಹೇಳ್ಲಿಲ್ಲ. ಮಳಿಗೆಯವರು ತಯಾರಕರನ್ನು ಸದ್ದಿಲ್ಲದೆ ಬದಲಿಸ್ತಾರೆ. ಟೆಂಡರ್ ಮುಗೀತು, ಇನ್ನೊಬ್ಬರು ಕಿಲೋಗೆ ಎಂಟಾಣೆ ಕಡಿಮೆಗೆ ಒಪ್ಪಿದ್ರು, ಮಾಲು ಅಲ್ಲಿಂದ ಬರ್ಲಿಕ್ಕೆ ಶುರು. ಫಿಲ್ಮ್ ಅಚ್ಚು ಹಾಕುವ ಸಿಲಿಂಡರ್ ಬಣ್ಣಕ್ಕೆ ಒಂದೊಂದು ಬೇಕು, ಹೊಸದು ಮಾಡಿಸುವುದು ದುಬಾರಿ. ಹಾಗಾಗಿ ಪ್ಯಾಕೆಟಿನ ಮುಖ ಹಾಗೇ ಇರ್ತದೆ. ಹಿಂದೆ ಎರಡು ಮೂರು ಘಟಕಗಳ ವಿಳಾಸ ಎ, ಬಿ, ಸಿ ಅಂತ ಮೊದಲೇ ಅಚ್ಚಾಗಿರ್ತದೆ. ಯಾವುದು ಅಂತ ಗೊತ್ತಾಗ್ಬೇಕಾದ್ರೆ ದಿನಾಂಕದ ಪಕ್ಕದ ಬ್ಯಾಚ್ ನಂಬರಿನ ಅಕ್ಷರ ನೋಡ್ಬೇಕು. "ಬ್ಯಾಚಿನ ಮೊದಲ ಅಕ್ಷರ ನೋಡಿ" ಅಂತ ಮೂಲೆಯಲ್ಲಿ ಬರೆದಿರ್ತಾರೆ, ಕೆಲವರು ಕೊನೆಯ ಅಕ್ಷರ ಇಡ್ತಾರೆ. ನಿಮಗೆ ಹಿಡಿಸಿದ ಪ್ಯಾಕೆಟಿನ ಹಿಂಬದಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಅಕ್ಷರ ಬೇರೆ ಇದ್ರೆ ಒಂದೇ ಪ್ಯಾಕೆಟ್ ತನ್ನಿ, ತಿಂಗಳ ಸಾಮಾನಿನಲ್ಲಿ ಆರು ಹಾಕ್ಬೇಡಿ.

ರಥಬೀದಿ_ಅಂಗಡಿ:
ಬೆಲೆಯ ಬಗ್ಗೆ ಅಂಗಡಿಯವನ ಒಂದು ಮಾತು. ದೊಡ್ಡ ಬ್ರ್ಯಾಂಡಿನ ಎಂಆರ್‌ಪಿ ಊರಿಗೆಲ್ಲ ಒಂದೇ, ಅದರಲ್ಲಿ ರಿಯಾಯಿತಿ ಕೊಟ್ರೆ ನಿಜವಾದ ರಿಯಾಯಿತಿ. ಸ್ವಂತ ಬ್ರ್ಯಾಂಡಿನ ಎಂಆರ್‌ಪಿ ಬರೆಯುವುದೇ ಮಳಿಗೆಯವರು. 150 ಅಂತ ಅಚ್ಚು ಹಾಕಿ 99ಕ್ಕೆ ಕೊಟ್ರೆ "51 ರೂಪಾಯಿ ಉಳಿತಾಯ" ಅಂತ ಬಿಲ್ಲಿನಲ್ಲಿ ಬರ್ತದೆ. ಉಳಿದದ್ದು ಎಂತದು?

ಲೇಬಲ್_ಓದುವವಳು:
ಅದಕ್ಕೇ ಯೂನಿಟ್ ಬೆಲೆ ನೋಡ್ಬೇಕು ಅಣ್ಣ. ಒಂದು ಕೆ.ಜಿ. ಒಳಗಿನ ಪ್ಯಾಕಿಗೆ ಗ್ರಾಮಿಗೆ ಎಷ್ಟು, ಮೇಲಿನದ್ದಕ್ಕೆ ಕೆ.ಜಿ.ಗೆ ಎಷ್ಟು ಅಂತ ಅಚ್ಚಾಗಿರ್ತದೆ. ಆದ್ರೆ ಅದು ಎಂಆರ್‌ಪಿಯ ಮೇಲಿನ ಲೆಕ್ಕ. ನೀವು ಹೇಳಿದ್ದೇ ಉದಾಹರಣೆ ತೆಗೊಂಡ್ರೆ, 500 ಗ್ರಾಂ ಪ್ಯಾಕಿನಲ್ಲಿ ಗ್ರಾಮಿಗೆ 30 ಪೈಸೆ ಅಂತ ಇರ್ತದೆ, ಗಿರಾಕಿ ಕೊಡುವುದು 20 ಪೈಸೆ. ಹೋಲಿಸುವಾಗ ಎರಡೂ ಪ್ಯಾಕೆಟಿನ ನಿಜವಾದ ಮಾರಾಟ ಬೆಲೆಯನ್ನು ತೂಕದಿಂದ ಭಾಗಿಸಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಮಾಲು ಕೆಟ್ಟದ್ದು ಬಂದ್ರೆ ತಯಾರಕರ ಬೆನ್ನು ಹತ್ತಬೇಡಿ, ಮೊದಲ ದೂರು ಬ್ರ್ಯಾಂಡಿನ ಮಾಲೀಕರಿಗೆ, ಅಂದ್ರೆ ಮಳಿಗೆಗೆ. ಪ್ಯಾಕೆಟು, ಬಿಲ್ಲು, ಬ್ಯಾಚ್ ನಂಬರಿನ ಫೋಟೋ ಮೂರೂ ಇರ್ಲಿ. ಉತ್ತರ ಬಾರದಿದ್ರೆ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್, ತೂಕ ಬೆಲೆಯ ತಕರಾರಿಗೆ ಗ್ರಾಹಕ ಸಹಾಯವಾಣಿ 1915.

ಮಣಿಪಾಲ_ಲ್ಯಾಬ್:
ಲ್ಯಾಬಿಗೆ ಕೊಡುವವರಿಗೆ ಒಂದು ಸೂಚನೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗಿರಾಕಿಯೇ ಫೀಸು ಕಟ್ಟಿ ಫುಡ್ ಅನಲಿಸ್ಟರಿಂದ ಪರೀಕ್ಷೆ ಮಾಡಿಸ್ಬಹುದು. ನಿಯಮ ಮೀರಿದ್ದು ಅಂತ ವರದಿ ಬಂದ್ರೆ ಫೀಸು ವಾಪಸ್. ಆದ್ರೆ ಪರೀಕ್ಷೆಗೆ ಕೊಡ್ತೇನೆ ಅಂತ ಖರೀದಿ ಮಾಡುವಾಗಲೇ ಅಂಗಡಿಯವರಿಗೆ ತಿಳಿಸಿರ್ಬೇಕು. ಮನೆಗೆ ತಂದು ಅರ್ಧ ಖರ್ಚಾದ ಪೊಟ್ಟಣ ಈ ದಾರಿಗೆ ನಡೆಯುವುದಿಲ್ಲ. ಅದೇ ಬ್ಯಾಚಿನ ಒಡೆಯದ ಪ್ಯಾಕೆಟು ರ‍್ಯಾಕಿನಲ್ಲಿ ಇರುವಾಗಲೇ ಹೋಗಿ, ಕೌಂಟರಿನಲ್ಲಿ ಹೇಳಿ, ಬಿಲ್ಲು ಮಾಡಿಸಿ ತನ್ನಿ.

ಕಂಕನಾಡಿ_ಗಿರಾಕಿ:
ಗೇರುಬೀಜದ 97, 132, 176 ಬರೆದಿಟ್ಟುಕೊಂಡೆ. ಪಿಸ್ತಾ, ಬಾದಾಮಿಗೂ ಹೀಗೆ ಲೆಕ್ಕ ಉಂಟಾ ಗೇರು ಅಣ್ಣ?

ಗೇರು_ಗ್ರೇಡಿಂಗ್:
ಉಂಟು, ಆದ್ರೆ ಅದು ಪೌಂಡಿನ ಲೆಕ್ಕ ಅಲ್ಲ. ಔನ್ಸಿಗೆ, ಅಂದ್ರೆ 28 ಗ್ರಾಮಿಗೆ, ಎಷ್ಟು ಅಂತ. ಕ್ಯಾಲಿಫೋರ್ನಿಯಾ ಬಾದಾಮಿಯಲ್ಲಿ 23/25 ಅಂದ್ರೆ ಔನ್ಸಿಗೆ 23ರಿಂದ 25. 27/30 ಅದಕ್ಕಿಂತ ಸಣ್ಣದು. ಸಿಪ್ಪೆ ಸಮೇತದ ಪಿಸ್ತಾ 18/20, 21/25 ಅಂತ ಬರ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 28 ಗ್ರಾಂ ತೂಗಿ ಎಣಿಸಿ. ಪಿಸ್ತಾ ಎಣಿಸುವಾಗ ಬಾಯಿ ಬಿಡದ ಕಾಯಿ ಎಷ್ಟು ಅಂತ ಬೇರೆ ಇಡಿ, ಮಳಿಗೆಯ ಅಗ್ಗದ ಪ್ಯಾಕಿನಲ್ಲಿ ಕೈಕೊಡುವುದು ಅದೇ.